ಕುದುರೆಗೆ ದನದ ಲೆಕ್ಕ ಸಲ್ಲದು: ಗಬ್ಬ ಕಟ್ಟಿಸುವುದರಿಂದ ಮರಿಯ ಮೊದಲ ವಾರಗಳವರೆಗೆ

ಸಾಂಗಲಿ ಜಿಲ್ಲೆಯ ಜತ್, ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ, ಮಂಗಳವೇಢೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಕನ್ನಡ ಮನೆಗಳಲ್ಲಿ ಕುದುರೆ ಸಾಕುವವರು ಸಾಮಾನ್ಯವಾಗಿ ದನ, ಎಮ್ಮೆ, ಕುರಿಗಳಲ್ಲಿ ಕೈ ಪಳಗಿದವರೇ ಆಗಿರುತ್ತಾರೆ. ಹಟ್ಟಿಯ ಸಾಮಾನು ಹೊರಲು ಒಂದೆರಡು ಕುದುರೆ ಇಟ್ಟುಕೊಂಡ ಕುರಿಗಾರರಿರಲಿ, ಮದುವೆಯ ಮೆರವಣಿಗೆಗೆಂದು ಕುದುರೆ ಕಟ್ಟಿದವರಿರಲಿ, ಮನೆಯ ಹೆಣ್ಣು ಕುದುರೆ ಗಬ್ಬವಾದಾಗ ಅವರು ನೆಚ್ಚಿಕೊಳ್ಳುವುದು ಆಕಳು ಈಯಿಸಿದ ಅನುಭವವನ್ನೇ. ಮೇವು, ನೀರು, ಕೊಟ್ಟಿಗೆಯ ಶುಚಿ ಮೊದಲಾದವುಗಳಲ್ಲಿ ಆ ಅನುಭವ ಉಪಯೋಗಕ್ಕೆ ಬರುತ್ತದೆ. ಮರಿ ಹಾಕುವ ರಾತ್ರಿಯಲ್ಲಿ ಮಾತ್ರ ಅದೇ ಅಪಾಯಕ್ಕೆ ದಾರಿಯಾಗುತ್ತದೆ. ಆಕಳಿಗೆ ನೀರೊಡೆದ ಮೇಲೆ ಎರಡು ತಾಸು ಹಿಡಿದರೂ ಕರು ಜೀವಂತವಾಗಿ ಬರುವುದುಂಟು, ಮಾಸು ಬೀಳುವುದಕ್ಕೆ ಹತ್ತು ಹನ್ನೆರಡು ತಾಸಾದರೂ ಯಾರೂ ಗಾಬರಿಯಾಗುವುದಿಲ್ಲ. ಕುದುರೆಯಲ್ಲಿ ನೀರೊಡೆದ ಅರ್ಧ ತಾಸಿನೊಳಗೆ ಮರಿ ನೆಲಕ್ಕೆ ಬರಬೇಕು, ಮೂರು ತಾಸಿನೊಳಗೆ ಮಾಸು ಬೀಳಬೇಕು. ಈ ಲೇಖನದಲ್ಲಿ ಹೇಳುವ ಹೆಚ್ಚಿನ ಸಂಗತಿಗಳು ಈ ಒಂದು ವ್ಯತ್ಯಾಸದಿಂದಲೇ ಹುಟ್ಟುತ್ತವೆ.

ಜೋಡಿ ಮತ್ತು ಕಾಲ

ಹೆಣ್ಣು ಕುದುರೆ ಒಂದೂವರೆ ಎರಡು ವರ್ಷಕ್ಕೆ ಬೆದೆಗೆ ಬರಬಹುದು. ಆದರೆ ಅದರ ಮೈ ಇನ್ನೂ ಬೆಳೆಯುತ್ತಿರುತ್ತದೆ. ಮೂರು ವರ್ಷ ತುಂಬಿದ ಮೇಲೆ ಗಂಡಿಗೆ ಬಿಡುವುದು ಒಳ್ಳೆಯದು. ಗಂಡು ಕುದುರೆ ದೊಡ್ಡದಾಗಿದ್ದರೆ ಮರಿ ಹೊಟ್ಟೆಯಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬ ಭಯ ಹಲವರಿಗಿದೆ. ಹುಟ್ಟುವಾಗ ಮರಿಯ ಗಾತ್ರವನ್ನು ಮುಖ್ಯವಾಗಿ ನಿರ್ಧರಿಸುವುದು ತಾಯಿಯ ಗರ್ಭಕೋಶವೇ ಎಂಬುದು 1938ರಲ್ಲಿ ಪ್ರಕಟವಾದ ಪ್ರಯೋಗವೊಂದರಿಂದ ತಿಳಿದಿದೆ: ಇಂಗ್ಲೆಂಡಿನ ಭಾರಿ ಗಾತ್ರದ ಶೈರ್ ಕುದುರೆಗಳನ್ನೂ ಗಿಡ್ಡ ಶೆಟ್ಲಂಡ್ ತಟ್ಟುಗಳನ್ನೂ ಪರಸ್ಪರ ಕೂಡಿಸಿದಾಗ, ಶೆಟ್ಲಂಡ್ ತಾಯಿ ತನ್ನ ಅಳತೆಗೆ ತಕ್ಕ ಸಣ್ಣ ಮರಿಯನ್ನೇ ಹಾಕಿತು. ಹಾಗಾಗಿ ಗಂಡಿನ ಎತ್ತರಕ್ಕಿಂತ ಅದರ ಕಾಲುಗಳ ನೇರ, ಸ್ವಭಾವ ಮತ್ತು ಆರೋಗ್ಯವನ್ನು ನೋಡಿರಿ. ಗ್ಲ್ಯಾಂಡರ್ಸ್ ಮತ್ತು ಕುದುರೆಗಳ ಸಾಂಕ್ರಾಮಿಕ ರಕ್ತಹೀನತೆ, ಈ ಎರಡು ರೋಗಗಳ ರಕ್ತಪರೀಕ್ಷೆಯಾದ ಗಂಡಿಗೇ ನಿಮ್ಮ ಕುದುರೆಯನ್ನು ಒಯ್ಯಬೇಕು. ಗ್ಲ್ಯಾಂಡರ್ಸ್ ಮನುಷ್ಯರಿಗೂ ಅಂಟುವ ರೋಗ. ಇದರ ಪರೀಕ್ಷೆಗೆ ಮಾದರಿಗಳು ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದವರೆಗೂ ಹೋಗುತ್ತವೆಯಾದ್ದರಿಂದ ಸರಕಾರಿ ಪಶುವೈದ್ಯರ ಮೂಲಕ ಮುಂಚಿತವಾಗಿಯೇ ರಕ್ತ ಕಳಿಸಬೇಕಾಗುತ್ತದೆ.

ಈ ಭಾಗದ ಕುರಿಗಾರರ ಬಳಿ ಇರುವ ಗಿಡ್ಡ, ಗಟ್ಟಿ ಕುದುರೆಗಳಲ್ಲಿ ಅನೇಕವು ಭೀಮಥಡಿ ತಳಿಗೆ ಸೇರಿದವು. ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ಈ ತಳಿಯನ್ನು ಪ್ರತ್ಯೇಕ ತಳಿಯೆಂದು ನೋಂದಾಯಿಸಿದೆ. ಅಕಲೂಜಿನ ಕುದುರೆ ಪೇಟೆಯಲ್ಲಿ ಎತ್ತರದ ಮಾರವಾಡಿ ಕುದುರೆಗೆ ಸಿಗುವ ಬೆಲೆಯನ್ನು ನೋಡಿ ಎಲ್ಲ ಹೆಣ್ಣು ಕುದುರೆಗಳನ್ನೂ ಮಾರವಾಡಿ ಗಂಡಿಗೇ ಬಿಡುವುದು ನನಗೆ ಸರಿ ಕಾಣುವುದಿಲ್ಲ. ಕಲ್ಲುನೆಲದಲ್ಲಿ ಹೊರೆ ಹೊತ್ತು ಒಣ ಮೇವಿನಲ್ಲೇ ಬದುಕುವ ಗುಣ ಎರಡು ತಲೆಮಾರಿನಲ್ಲಿ ಕರಗಿಹೋದರೆ ಮತ್ತೆ ತರುವುದು ಕಷ್ಟ.

ಹಗಲು ಉದ್ದವಾಗುತ್ತ ಹೋದಂತೆ ಕುದುರೆಯ ಬೆದೆ ಕ್ರಮಬದ್ಧವಾಗುತ್ತದೆ. ಬೆದೆ ಸುಮಾರು 21 ದಿನಕ್ಕೊಮ್ಮೆ ಬಂದು ಐದರಿಂದ ಏಳು ದಿನ ಇರುತ್ತದೆ. ತತ್ತಿ ಬಿಡುಗಡೆಯಾಗುವುದು ಬೆದೆ ಮುಗಿಯುವ ಒಂದೆರಡು ದಿನ ಮುಂಚೆ. ಗಂಡಿನ ಎದುರು ಬಾಲವೆತ್ತಿ, ಹಿಂಗಾಲು ಅಗಲಿಸಿ, ಸ್ವಲ್ಪ ಸ್ವಲ್ಪವೇ ಮೂತ್ರ ಬಿಡುತ್ತ ನಿಂತರೆ ಬೆದೆ ಬಲವಾಗಿದೆಯೆಂದು ತಿಳಿಯಬೇಕು. ಎರಡನೆಯ ಅಥವಾ ಮೂರನೆಯ ದಿನದಿಂದ ದಿನ ಬಿಟ್ಟು ದಿನ ಕೂಡಿಸುತ್ತ, ಹೆಣ್ಣು ಗಂಡನ್ನು ಒದ್ದು ದೂರ ಮಾಡಿದ ದಿನ ನಿಲ್ಲಿಸಬೇಕು.

ಯಾವ ತಿಂಗಳಲ್ಲಿ ಕೂಡಿಸಬೇಕೆಂಬುದು ನಿಮ್ಮ ಬಾವಿಯ ನೀರನ್ನು ಅವಲಂಬಿಸಿದೆ. ಬೇಸಿಗೆಯಲ್ಲೂ ಹಸಿ ಮೇವು ಬೆಳೆಯಬಲ್ಲವರು ಫೆಬ್ರವರಿ, ಮಾರ್ಚ್‌ನಲ್ಲಿ ಕೂಡಿಸಿದರೆ ಮರಿ ಮುಂದಿನ ಜನವರಿ, ಫೆಬ್ರವರಿಯಲ್ಲಿ, ನೆಲ ಒಣಗಿ ನೊಣ ಕಡಿಮೆಯಿರುವ ಹೊತ್ತಿಗೆ ಹುಟ್ಟುತ್ತದೆ. ಮಳೆಯ ಮೇವನ್ನೇ ನಂಬಿದವರಿಗೆ ಇದು ಕಷ್ಟ. ಹಾಲೂಡುವ ತಾಯಿಗೆ ಮಾರ್ಚ್‌ನಿಂದ ಮೇ ತನಕ ಬರೀ ಕಣಿಕೆ ಹಾಕಿ ದಾಟಿಸುವುದಕ್ಕಿಂತ, ಆಷಾಢ ಶ್ರಾವಣದಲ್ಲಿ ಮರಿ ಬರುವಂತೆ ಮಾಡಿ ಲಾಯವನ್ನು ಒಣಗಿಸಿ ಇಟ್ಟುಕೊಳ್ಳುವ ಶ್ರಮವನ್ನು ಪಡುವುದೇ ಮೇಲು.

ಹನ್ನೊಂದು ತಿಂಗಳು

ಕೂಡಿಸಿದ ಕೊನೆಯ ದಿನಾಂಕವನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿರಿ. ಗಬ್ಬದ ಅವಧಿ ಸರಾಸರಿ 340 ದಿನ. ಆದರೆ 320ರಿಂದ 365 ದಿನಗಳವರೆಗೂ ಸಹಜವೇ. ಮಾರ್ಚ್ 1ರಂದು ಕೂಡಿಸಿದ ಕುದುರೆ ಮುಂದಿನ ಫೆಬ್ರವರಿ ಮೊದಲ ವಾರದಲ್ಲಿ ಮರಿ ಹಾಕಬೇಕೆಂಬುದು ಲೆಕ್ಕ. ಅದು ಜನವರಿ ಮಧ್ಯದಲ್ಲೂ ಹಾಕಬಹುದು, ಫೆಬ್ರವರಿ ಕೊನೆಗೂ ಹಾಕಬಹುದು. ದಿನ ತುಂಬಿತೆಂದು ಹೆರಿಗೆ ಮಾಡಿಸುವ ಇಂಜೆಕ್ಷನ್ ಕೊಡಿಸುವ ಆತುರ ಬೇಡ. ಕುದುರೆ ಮರಿಯ ಶ್ವಾಸಕೋಶ ಮತ್ತು ಒಳಗಿನ ಅಂಗಗಳು ಕೊನೆಯ ಕೆಲವೇ ದಿನಗಳಲ್ಲಿ ಪಕ್ವವಾಗುತ್ತವೆ. ಆ ದಿನಗಳನ್ನು ಕಸಿದುಕೊಂಡರೆ ಹುಟ್ಟಿದ ಮರಿ ನಿಲ್ಲಲಾರದು.

ಸಾಧ್ಯವಾದರೆ 14ರಿಂದ 16ನೆಯ ದಿನದ ನಡುವೆ ಅಲ್ಟ್ರಾಸೌಂಡ್ ಮಾಡಿಸಬೇಕು. ಗಬ್ಬ ನಿಂತಿದೆಯೇ ಎಂಬುದಕ್ಕಿಂತ ಅವಳಿ ಇದೆಯೇ ಎಂದು ತಿಳಿಯುವುದು ಇಲ್ಲಿ ಮುಖ್ಯ. ಕುರಿ ಅವಳಿ ಹಾಕಿದರೆ ಮನೆಗೆ ಲಾಭ. ಕುದುರೆಯಲ್ಲಿ ಅವಳಿ ಎಂದರೆ ಬಹುಪಾಲು ಗಬ್ಬ ಕಳೆದುಹೋಗುವುದು, ಇಲ್ಲವೇ ತಾಯಿಯ ಜೀವಕ್ಕೇ ಕುತ್ತು ಬರುವುದು. ಎರಡು ಕಂಡರೆ ಆ ಹಂತದಲ್ಲಿಯೇ ವೈದ್ಯರು ಒಂದನ್ನು ಕಳೆದು ಇನ್ನೊಂದನ್ನು ಉಳಿಸಬಲ್ಲರು, ತಡವಾದಷ್ಟೂ ಅದು ಕಠಿಣವಾಗುತ್ತದೆ.

ಮೇವಿನ ವಿಷಯದಲ್ಲಿ ಜೋಳದ ನಾಡಿನವರು ತಿಳಿದಿರಲೇಬೇಕಾದ ಒಂದು ಮಾತಿದೆ. ಎಳೆಯ ಹಸಿ ಜೋಳದಲ್ಲಿ, ಕೊಯ್ದ ಮೇಲೆ ಮತ್ತೆ ಚಿಗುರಿದ ಕೂಳೆಯಲ್ಲಿ ಹೈಡ್ರೋಸಯನಿಕ್ ವಿಷಾಂಶವಿರುತ್ತದೆಂಬುದು ದನಗಾರರಿಗೆಲ್ಲ ಗೊತ್ತು. ಕುದುರೆಗೆ ಅದರಿಂದ ಆಗುವ ಹಾನಿ ಬೇರೆ ಬಗೆಯದು, ನಿಧಾನವಾದದ್ದು: ಹಸಿ ಜೋಳವನ್ನೇ ವಾರಗಟ್ಟಲೆ ಮೇಯ್ದ ಕುದುರೆಯ ಹಿಂಗಾಲುಗಳು ತೂರಾಡಲಾರಂಭಿಸುತ್ತವೆ, ಮೂತ್ರ ತಾನಾಗಿಯೇ ಸೋರುತ್ತದೆ, ಗಬ್ಬದ ಮೊದಲ ತಿಂಗಳುಗಳಲ್ಲಿದ್ದರೆ ಗರ್ಭಪಾತವಾಗಬಹುದು ಅಥವಾ ಕೀಲು ಬಿಗಿದುಕೊಂಡ ಮರಿ ಹುಟ್ಟಬಹುದು. ಆದುದರಿಂದ ಗಬ್ಬದ ಕುದುರೆಯನ್ನು ಹಸಿ ಜೋಳದ ಹೊಲಕ್ಕೆ ಬಿಡಬೇಡಿರಿ. ತೆನೆ ಬಲಿತ ಮೇಲೆ ಕೊಯ್ದು ಬಿಸಿಲಿಗೆ ಚೆನ್ನಾಗಿ ಒಣಗಿಸಿದ, ಬೂಷ್ಟು ಹಿಡಿಯದ ಕಣಿಕೆಯನ್ನು ಕೊಡಬಹುದು. ಬೂಷ್ಟು ಹಿಡಿದ ಮೆಕ್ಕೆಜೋಳವನ್ನಂತೂ ಹತ್ತಿರವೂ ಸುಳಿಸಬಾರದು. ಅದರ ವಿಷ ಕುದುರೆಯ ಮೆದುಳನ್ನೇ ಹಾಳು ಮಾಡುತ್ತದೆ.

ಇನ್ನೊಂದು ತೌಡಿನ ಸಂಗತಿ. ಹಾಲು ಕೊಡುವ ಎಮ್ಮೆಗೆ ಬುಟ್ಟಿಗಟ್ಟಲೆ ತೌಡು, ಬೂಸಾ ಹಾಕಿ ಅಭ್ಯಾಸವಿದ್ದವರು ಗಬ್ಬದ ಕುದುರೆಗೂ ಅದನ್ನೇ ಸುರಿಯುತ್ತಾರೆ. ತೌಡಿನಲ್ಲಿ ರಂಜಕ ಬಹಳ, ಸುಣ್ಣದ ಅಂಶ ಅತ್ಯಲ್ಪ. ತಿಂಗಳುಗಟ್ಟಲೆ ತೌಡೇ ಮುಖ್ಯ ಆಹಾರವಾದರೆ ಕುದುರೆ ತನ್ನ ಎಲುಬಿನ ಸುಣ್ಣವನ್ನು ಕರಗಿಸಿಕೊಳ್ಳುತ್ತದೆ. ಮುಖದ ಎಲುಬು ಮೆತ್ತಗಾಗಿ ಊದಿ ತಲೆಯೇ ದಪ್ಪವಾದಂತೆ ಕಾಣುತ್ತದೆ, ಕಾಲು ಎಳೆಯತೊಡಗುತ್ತದೆ. ಕುದುರೆ ಮಸಾಲೆ (ಲೂಸರ್ನ್) ಸೊಪ್ಪಿನಲ್ಲಿ ಸುಣ್ಣದ ಅಂಶ ಹೇರಳವಾಗಿರುವುದರಿಂದ ದಿನವೂ ಅದರ ಒಂದಿಷ್ಟು ಹೊರೆ, ಅದಿಲ್ಲದವರು ವೈದ್ಯರು ಹೇಳಿದಷ್ಟು ಖನಿಜ ಮಿಶ್ರಣ ಕೊಡಬೇಕು. ಮೊದಲ ಎಂಟು ತಿಂಗಳು ಸಾಧಾರಣ ಮೇವೇ ಸಾಕು. ಕೊನೆಯ ಮೂರು ತಿಂಗಳಲ್ಲಿ ಮರಿ ಬೇಗ ಬೆಳೆಯುವುದರಿಂದ ನೆನೆಸಿದ ಕಡಲೆ, ಬೇಯಿಸಿದ ಹುರುಳಿ ಅಥವಾ ಓಟ್ಸ್ ಸೇರಿಸುತ್ತ ಹೋಗಬೇಕು. 250 ಕಿಲೋ ತೂಗುವ ಕುದುರೆಗೆ ಒಂದು ಹೊತ್ತಿಗೆ ಒಂದು ಕಿಲೋ ಮೀರದಂತೆ, ದಿನಕ್ಕೆ ಎರಡು ಮೂರು ಸಲ ಹಂಚಿ ಕೊಡಿರಿ. ಪಕ್ಕೆಲುಬು ಕಣ್ಣಿಗೆ ಕಾಣದೆ ಕೈಗೆ ಮಾತ್ರ ಸಿಗುವಷ್ಟು ಮೈ ಇದ್ದರೆ ಸರಿಯಾಗಿದೆ.

ಗಬ್ಬದ ಐದು, ಏಳು, ಒಂಬತ್ತನೆಯ ತಿಂಗಳಲ್ಲಿ ಗರ್ಭಪಾತ ತರುವ ಹರ್ಪಿಸ್ ರೋಗಕ್ಕೆ ಲಸಿಕೆ ಸಿಗುವುದಾದರೆ ಹಾಕಿಸಿರಿ. ಧನುರ್ವಾತದ ಲಸಿಕೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಡಬಾರದು. ಸಾಕುಪ್ರಾಣಿಗಳಲ್ಲಿ ಧನುರ್ವಾತಕ್ಕೆ ಕುದುರೆಯಷ್ಟು ಬೇಗ ತುತ್ತಾಗುವುದು ಬೇರೊಂದಿಲ್ಲ, ಆ ರೋಗಾಣು ಲದ್ದಿಯಲ್ಲೂ ಲಾಯದ ಮಣ್ಣಿನಲ್ಲೂ ಇದ್ದೇ ಇರುತ್ತದೆ. ಮರಿ ಹಾಕುವ ನಾಲ್ಕರಿಂದ ಆರು ವಾರ ಮುಂಚೆ ಕೊಟ್ಟ ಲಸಿಕೆಯ ರಕ್ಷಣೆ ಗಿಣ್ಣು ಹಾಲಿನ ಮೂಲಕ ಮರಿಗೂ ಇಳಿಯುತ್ತದೆ.

ಕೊನೆಯ ಆರು ವಾರ

ಮರಿ ಹಾಕಬೇಕಾದ ಜಾಗಕ್ಕೆ ಕುದುರೆಯನ್ನು ಆರು ವಾರ ಮುಂಚೆಯೇ ತಂದು ಕಟ್ಟಬೇಕು. ತಾಯಿಯ ಮೈ ಆ ಜಾಗದ ರೋಗಾಣುಗಳನ್ನು ಅರಿತು, ಅವುಗಳನ್ನು ಎದುರಿಸುವ ಶಕ್ತಿಯನ್ನು ಗಿಣ್ಣಿನಲ್ಲಿ ತುಂಬಲು ಅಷ್ಟು ಸಮಯ ಬೇಕಾಗುತ್ತದೆ. ದಿನ ತುಂಬಿದ ಕುದುರೆಯನ್ನು ಪೇಟೆಯಲ್ಲಿ ಕೊಂಡು ಟೆಂಪೋದಲ್ಲಿ ತರುವವರು, ಹಟ್ಟಿಯೊಂದಿಗೆ ಊರೂರು ನಡೆಸುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ಹಟ್ಟಿ ಮುಂದೆ ಸಾಗಲೇಬೇಕಾದರೆ ಗಬ್ಬದ ಕುದುರೆಯನ್ನು ಮನೆಯಲ್ಲಿ ಬಿಟ್ಟು ಬೇರೊಂದರ ಮೇಲೆ ಹೊರೆ ಹಾಕಿರಿ.

ಹನ್ನೆರಡು ಅಡಿ ಉದ್ದ, ಹನ್ನೆರಡು ಅಡಿ ಅಗಲದ ಜಾಗ ಗಿಡ್ಡ ತಳಿಗೆ ಸಾಕು. ಎತ್ತರದ ಕುದುರೆಗೆ ಹದಿನಾಲ್ಕು ಅಡಿ ಬೇಕು. ಮೊಳೆ, ಗೂಟ, ತಂತಿ, ಗೋದಲಿಯ ಚೂಪು ಮೂಲೆಗಳನ್ನು ತೆಗೆಯಿರಿ. ಹಾಸಿಗೆಗೆ ಗೋಧಿ ಹುಲ್ಲು ಅಥವಾ ಭತ್ತದ ಹುಲ್ಲು ಉತ್ತಮ. ಕಬ್ಬಿನ ರವದಿ ಪುಕ್ಕಟೆ ಸಿಗುತ್ತದೆಂಬುದು ನಿಜ, ಆದರೆ ಅದರ ಅಂಚು ತಲೆ ಎತ್ತಲಾಗದೆ ಮಲಗಿದ ಮರಿಯ ಕಣ್ಣನ್ನು ಗೀರುತ್ತದೆ. ಕಣಿಕೆಯ ಮೋಟುಗಳು ಚುಚ್ಚುತ್ತವೆ. ಕೊಠಡಿಯಿಲ್ಲದವರು ಮನೆಯ ಹತ್ತಿರ, ನಾಯಿಗಳು ನುಗ್ಗದಂತೆ ಬೇಲಿ ಹಾಕಿದ ಒಣ ಹುಲ್ಲಿನ ಜಾಗವನ್ನು ಆರಿಸಬಹುದು. ಹೊಲಸು ಕೊಟ್ಟಿಗೆಗಿಂತ ಅದೇ ಶುಚಿಯಾದದ್ದು.

ಟಾರ್ಚು, ಕೈಗಡಿಯಾರ, ಎರಡು ಬಕೆಟ್, ತೊಳೆದು ಒಣಗಿಸಿದ ಹಳೆಯ ಧೋತರದ ತುಂಡುಗಳು, ಹರಿತವಾದ ಕತ್ತರಿ, ಥರ್ಮಾಮೀಟರ್, ಶುದ್ಧವಾದ ದಾರ, ಹಾಲು ಹಿಂಡಲು ಅಗಲ ಬಾಯಿಯ ಸ್ಟೀಲ್ ಪಾತ್ರೆ, ನಿಪ್ಪಲ್ ಇರುವ ಬಾಟಲಿ, ಹೊಕ್ಕುಳಿಗೆ ಶೇಕಡಾ 0.5ರ ಕ್ಲೋರ್‌ಹೆಕ್ಸಿಡಿನ್ ಎಂಬ ರೋಗಾಣುನಾಶಕ ದ್ರಾವಣ, ಇಷ್ಟನ್ನು ಒಂದೇ ಬುಟ್ಟಿಯಲ್ಲಿ ಇಟ್ಟುಕೊಳ್ಳಿರಿ. ದ್ರಾವಣವನ್ನು ವೈದ್ಯರಿಂದಲೇ ಹದ ಮಾಡಿಸಿಕೊಂಡರೆ ಒಳ್ಳೆಯದು. ರಾತ್ರಿ ಬರಲೊಪ್ಪುವ ವೈದ್ಯರ ಜೊತೆ ಮೊದಲೇ ಮಾತಾಡಿಡಿರಿ. ಸಂಚಾರಿ ಪಶುಚಿಕಿತ್ಸಾ ವಾಹನದ 1962 ಸಂಖ್ಯೆಯೂ ಕೈಗೆ ಸಿಗುವಂತಿರಲಿ, ಆದರೆ ಆ ಗಾಡಿ ನಡುರಾತ್ರಿಯಲ್ಲಿ ಬರುತ್ತದೆಯೇ ಎಂಬುದನ್ನು ಹಗಲಲ್ಲೇ ಕೇಳಿ ತಿಳಿದುಕೊಳ್ಳಬೇಕು.

ಗುರುತುಗಳು

ಎರಡರಿಂದ ಆರು ವಾರ ಮೊದಲೇ ಕೆಚ್ಚಲು ತುಂಬತೊಡಗುತ್ತದೆ. ಬಾಲದ ಬುಡದ ಎರಡೂ ಬದಿಯ ಸ್ನಾಯುಗಳು ಸಡಿಲಗೊಂಡು ಅಲ್ಲಿ ಕುಳಿ ಬೀಳುತ್ತದೆ. ಕೊನೆಯ ಒಂದೆರಡು ದಿನಗಳಲ್ಲಿ ಮೊಲೆತೊಟ್ಟಿನ ತುದಿಯಲ್ಲಿ ಜೇನುಮೇಣದಂಥ ಹಳದಿ ಹನಿಗಳು ಗಟ್ಟಿಯಾಗಿ ಅಂಟಿಕೊಂಡಿರುವುದು ಕಾಣುತ್ತದೆ; ಆದರೆ ಎಲ್ಲ ಕುದುರೆಗಳಲ್ಲೂ ಇದು ಕಾಣಿಸುವುದಿಲ್ಲ. ಇದಕ್ಕಿಂತ ನಂಬಬಹುದಾದ ಪರೀಕ್ಷೆಯೊಂದು ಅಗ್ಗವಾಗಿಯೂ ಇದೆ: ಪ್ರತಿ ಸಂಜೆ ಒಂದೆರಡು ಹನಿ ಹಾಲನ್ನು, ಹುಳಿಯ ಪ್ರಮಾಣ ತೋರಿಸುವ ಪಿಎಚ್ ಕಾಗದದ ಮೇಲೆ ಬಿಟ್ಟು ನೋಡುವುದು. ಏಳರ ಮೇಲಿದ್ದ ಅಂಕಿ 6.4ಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿದರೆ ಬಹುತೇಕ ಒಂದು ದಿನದೊಳಗೆ ಮರಿ ಬರುತ್ತದೆ. ಪರೀಕ್ಷೆಗೆ ಹನಿಗಳಷ್ಟೇ ಸಾಕು, ಗಿಣ್ಣನ್ನು ಹಿಂಡಿ ಖಾಲಿ ಮಾಡಬಾರದು. ಹಾಲು ತಾನಾಗಿಯೇ ಧಾರೆಯಾಗಿ ಸೋರತೊಡಗಿದರೆ ಮಾತ್ರ ಅದನ್ನು ಶುದ್ಧ ಪಾತ್ರೆಯಲ್ಲಿ ಹಿಡಿದು ಫ್ರಿಜ್ಜಿನಲ್ಲಿಟ್ಟು ವೈದ್ಯರಿಗೆ ತಿಳಿಸಿರಿ, ಏಕೆಂದರೆ ಮರಿಯ ಪಾಲಿನ ರಕ್ಷಣೆಯೇ ಆಗ ನೆಲಕ್ಕೆ ಬೀಳುತ್ತಿರುತ್ತದೆ.

ಕುದುರೆಗಳು ಹೆಚ್ಚಾಗಿ ಮರಿ ಹಾಕುವುದು ರಾತ್ರಿ, ಸುತ್ತ ಸದ್ದಡಗಿದ ಮೇಲೆ. ಹತ್ತು ಜನ ಟಾರ್ಚು ಹಿಡಿದು ಸುತ್ತ ನಿಂತರೆ ಅದು ಹೆರಿಗೆಯನ್ನು ಸ್ವಲ್ಪ ಹೊತ್ತು ಮುಂದೂಡಬಲ್ಲದು ಕೂಡ. ಒಬ್ಬರು, ಹೆಚ್ಚೆಂದರೆ ಇಬ್ಬರು, ಮರೆಯಲ್ಲಿ ಕುಳಿತು ನೋಡುವುದೇ ಸರಿ.

ಆ ಅರ್ಧ ತಾಸು

ಮೊದಲ ಹಂತದಲ್ಲಿ ಕುದುರೆ ಚಡಪಡಿಸುತ್ತದೆ, ಹೊಟ್ಟೆಯ ಕಡೆ ತಿರುಗಿ ನೋಡುತ್ತದೆ, ಮಲಗಿ ಏಳುತ್ತದೆ, ಮೊಣಕೈ ಹಿಂದೆ ಮತ್ತು ಪಕ್ಕೆಯಲ್ಲಿ ಬೆವರುತ್ತದೆ. ಇದು ಒಂದೆರಡು ತಾಸು, ಕೆಲವೊಮ್ಮೆ ನಾಲ್ಕು ತಾಸು ನಡೆಯಬಹುದು. ಬಾಲದ ಕೂದಲನ್ನು ಬಟ್ಟೆಯಿಂದ ಸುತ್ತಿ, ಹಿಂಭಾಗವನ್ನೂ ಕೆಚ್ಚಲನ್ನೂ ಬೆಚ್ಚನೆಯ ನೀರಿನಿಂದ ತೊಳೆಯಲು ಇದು ಹೊತ್ತು. ಆಮೇಲೆ ನೀರೊಡೆಯುತ್ತದೆ. ಆ ಕ್ಷಣ ಗಡಿಯಾರ ನೋಡಿರಿ.

ಐದು ನಿಮಿಷದೊಳಗೆ ಬಿಳಿಚಾದ, ನೀಲಿ ಛಾಯೆಯ ಪೊರೆ ಹೊರಬರಬೇಕು. ಅದರೊಳಗೆ ಒಂದು ಮುಂಗಾಲು ಮುಂದೆ, ಇನ್ನೊಂದು ಗೇಣಿನಷ್ಟು ಹಿಂದೆ, ಎರಡೂ ಗೊರಸುಗಳ ಅಡಿ ನೆಲದ ಕಡೆ, ಮೊಣಕಾಲಿನ ಮೇಲೆ ಮೂಗು, ಹೀಗಿದ್ದರೆ ಮರಿ ಸರಿಯಾಗಿ ಬರುತ್ತಿದೆ. ಅರ್ಧ ತಾಸಿನೊಳಗೆ ಇಡೀ ಮರಿ ಹೊರಗಿರುತ್ತದೆ. ನೀರೊಡೆದ ಹತ್ತು ಹದಿನೈದು ನಿಮಿಷದಲ್ಲಿ ಏನೂ ಕಾಣದಿದ್ದರೆ, ಒಂದೇ ಕಾಲು ಕಂಡರೆ, ಮೂಗು ಬಂದು ಕಾಲು ಬಾರದಿದ್ದರೆ, ಗೊರಸಿನ ಅಡಿ ಮೇಲ್ಮುಖವಾಗಿದ್ದರೆ ತಕ್ಷಣ ವೈದ್ಯರನ್ನು ಕರೆಯಬೇಕು. ಹಿರಿಯರೊಬ್ಬರು ಪಕ್ಕದಲ್ಲಿದ್ದರೆ «ತಡೀಪಾ ತಮ್ಮಾ, ಆಕಳ ಈಯಾಕ ಎಷ್ಟ ಹೊತ್ತ ಹಿಡೀತೈತಿ» ಎಂದು ಸಮಾಧಾನ ಹೇಳಿಯಾರು. ಆ ಮಾತಿಗೆ ಗೌರವ ಕೊಟ್ಟು ಫೋನ್ ಮಾತ್ರ ಮಾಡಿಯೇ ಬಿಡಿರಿ. ವೈದ್ಯರು ಬರುವ ತನಕ ಕುದುರೆಯನ್ನು ಎಬ್ಬಿಸಿ ನಿಧಾನವಾಗಿ ನಡೆಸಿದರೆ ನೋವಿನ ಒತ್ತಡ ಸ್ವಲ್ಪ ತಗ್ಗಿ ಮರಿ ಇನ್ನಷ್ಟು ಸಿಕ್ಕಿಕೊಳ್ಳುವುದು ತಪ್ಪುತ್ತದೆ.

ವೈದ್ಯರಿಗಾಗಿ ಕಾಯದೆ ನೀವೇ ಕೈ ಹಾಕಬೇಕಾದ ಸಂದರ್ಭ ಒಂದುಂಟು. ಬಿಳಿ ಪೊರೆಯ ಬದಲು ಮಖಮಲ್ಲಿನಂಥ ದಟ್ಟ ಕೆಂಪು ಚೀಲ ಹೊರಗೆ ಉಬ್ಬಿ ಬಂದರೆ, ಮಾಸು ಗರ್ಭಕೋಶದಿಂದ ಮೊದಲೇ ಬಿಟ್ಟುಕೊಂಡಿದೆ, ಮರಿಗೆ ತಾಯಿಯಿಂದ ಉಸಿರು ಹೋಗುತ್ತಿಲ್ಲ ಎಂದರ್ಥ. ಕತ್ತರಿಯಿಂದ, ಒಳಗಿನ ಮರಿಗೆ ತಾಗದಂತೆ, ಆ ಚೀಲವನ್ನು ಕೂಡಲೇ ಸೀಳಬೇಕು. ಕಾಲುಗಳನ್ನು ಹಿಡಿದು ತಾಯಿ ತಿಣುಕಿದಾಗಲೆಲ್ಲ ಜೊತೆಗೂಡಿ ಎಳೆದು ಮರಿಯನ್ನು ಬೇಗ ಹೊರತರಬೇಕು. ಆಗ ಕಳೆಯುವ ಪ್ರತಿ ನಿಮಿಷದ ಬೆಲೆಯನ್ನು ಮರಿಯ ಮೆದುಳು ತೆರುತ್ತದೆ.

ಎಳೆಯುವ ರೀತಿಯ ಬಗ್ಗೆಯೂ ಎಚ್ಚರ ಬೇಕು. ಎಮ್ಮೆಗೆ ಹಗ್ಗ ಕಟ್ಟಿ ನಾಲ್ವರು ಜಗ್ಗುವ ಪದ್ಧತಿ ಕುದುರೆಗೆ ಕೂಡದು. ಒಬ್ಬಿಬ್ಬರು ಬರಿಗೈಯಿಂದ, ತಾಯಿ ತಿಣುಕುವಾಗ ಮಾತ್ರ, ತಾಯಿಯ ಹಿಂಗಾಲಿನ ಕೀಲಿನ ಕಡೆಗೆ ಕೆಳಮುಖವಾಗಿ, ಒಂದು ಕಾಲನ್ನು ಇನ್ನೊಂದಕ್ಕಿಂತ ಮುಂದೆ ಇಟ್ಟುಕೊಂಡೇ ಎಳೆಯಬೇಕು. ಎಲ್ಲವೂ ಸರಿಯಾಗಿ ನಡೆಯುತ್ತಿದ್ದರೆ ಕೈ ಕಟ್ಟಿ ಕುಳಿತುಕೊಳ್ಳುವುದೇ ಕೆಲಸ.

ಮರಿ ನೆಲಕ್ಕೆ ಬಂದ ಮೇಲೆ

ಮೂಗಿನ ಮೇಲೆ ಪೊರೆ ಉಳಿದಿದ್ದರೆ ತೆಗೆದು, ಮೂಗಿನ ಹೊಳ್ಳೆಯನ್ನು ಒರೆಸಿ, ಮರಿಯನ್ನು ಎದೆಯ ಮೇಲೆ ಒರಗುವಂತೆ ಕೂರಿಸಿರಿ. ಹಿಂಗಾಲು ಹಿಡಿದು ತಲೆಕೆಳಗಾಗಿ ತೂಗಾಡಿಸುವುದು ಬೇಡ. ಉಸಿರಾಟ ಮಂದವಾಗಿದ್ದರೆ ಒಣ ಬಟ್ಟೆಯಿಂದ ಬೆನ್ನು, ಪಕ್ಕೆಗಳನ್ನು ರಭಸವಾಗಿ ಉಜ್ಜಿರಿ, ಹುಲ್ಲಿನ ಕಡ್ಡಿಯಿಂದ ಮೂಗಿನೊಳಗೆ ಕಚಗುಳಿಯಿಡಿರಿ. ಮರಿಯ ಹಿಂಗಾಲುಗಳು ಇನ್ನೂ ತಾಯಿಯೊಳಗೇ ಇದ್ದು ತಾಯಿ, ಮರಿ ಎರಡೂ ಸುಸ್ತಾಗಿ ಮಲಗಿದ್ದರೆ ಎಬ್ಬಿಸಲು ಹೋಗಬಾರದು. ಹೊಕ್ಕುಳ ಬಳ್ಳಿಯನ್ನು ಕತ್ತರಿಸಬಾರದು. ತಾಯಿ ಎದ್ದಾಗ ಅಥವಾ ಮರಿ ಒದ್ದಾಡಿದಾಗ ಅದು ತನ್ನ ಸಹಜ ಜಾಗದಲ್ಲಿ ತಾನೇ ಹರಿಯುತ್ತದೆ, ರಕ್ತನಾಳಗಳೂ ಮುದುಡಿಕೊಳ್ಳುತ್ತವೆ. ಹರಿದ ಮೇಲೂ ರಕ್ತ ಸುರಿಯುತ್ತಿದ್ದರೆ ಮಾತ್ರ ಬೆರಳಿನಿಂದ ಒತ್ತಿ ಹಿಡಿದು, ನಿಲ್ಲದಿದ್ದರೆ ದಾರ ಕಟ್ಟಬೇಕು. ಹರಿದ ತುದಿಯನ್ನು ಕ್ಲೋರ್‌ಹೆಕ್ಸಿಡಿನ್‌ನಲ್ಲಿ ಅದ್ದಿ, ಮೊದಲ ಎರಡು ಮೂರು ದಿನ ದಿನಕ್ಕೆ ಮೂರು ಸಲ ಹೀಗೆಯೇ ಮಾಡಬೇಕು. ಬೂದಿ, ಅರಿಸಿನ, ಸಗಣಿ ಯಾವುದನ್ನೂ ಹಚ್ಚಬೇಡಿರಿ. ಕಡು ಅಯೋಡಿನ್ ಕೂಡ ಎಳೆಯ ಚರ್ಮವನ್ನು ಸುಡುತ್ತದೆ.

ಮೊದಲ ಬಾರಿ ಕುದುರೆ ಮರಿಯನ್ನು ಹತ್ತಿರದಿಂದ ಕಂಡವರು ಅದರ ಗೊರಸನ್ನು ನೋಡಿ ಬೆಚ್ಚುವುದುಂಟು. ಗೊರಸಿನ ಅಡಿಯಲ್ಲಿ ಬೆಳ್ಳನೆಯ, ಹಳದಿ ಮಿಶ್ರಿತ, ರಬ್ಬರಿನಷ್ಟು ಮೆತ್ತನೆಯ ಎಳೆಗಳು ಬೆರಳಿನುದ್ದ ಜೋತುಬಿದ್ದಿರುತ್ತವೆ. ಒಳಗಿದ್ದಾಗ ಗೊರಸಿನ ಅಂಚು ತಾಯಿಯ ಗರ್ಭಕೋಶವನ್ನು ಹರಿಯದಿರಲೆಂದು ಇರುವ ಹೊದಿಕೆ ಅದು. ಕೀಳುವ ಅಗತ್ಯವಿಲ್ಲ, ಮರಿ ನಡೆದಾಡಿದಂತೆ ಸವೆದು, ಒಣಗಿ ಉದುರಿಹೋಗುತ್ತದೆ.

ಮರಿ ಒಂದು ತಾಸಿನಲ್ಲಿ ನಿಲ್ಲಬೇಕು, ಎರಡು ತಾಸಿನಲ್ಲಿ ಮೊಲೆ ಹಿಡಿಯಬೇಕು. ಮೂರು ತಾಸಿನಲ್ಲಿ ತಾಯಿಯ ಮಾಸು ಬೀಳಬೇಕು. ಇವುಗಳಲ್ಲಿ ಯಾವುದು ತಪ್ಪಿದರೂ ಬೆಳಗಾಗುವ ತನಕ ಕಾಯುವುದು ಸರಿಯಲ್ಲ. ನಾಲ್ಕೈದು ಸಲ ಬಿದ್ದು ಎದ್ದೇ ಮರಿ ನಿಲ್ಲುವುದನ್ನು ಕಲಿಯುತ್ತದೆ. ಆಮೇಲೆ ತಾಯಿಯ ಮುಂಗಾಲಿನ ನಡುವೆ, ಗೋಡೆಯಲ್ಲಿ, ನಿಮ್ಮ ಅಂಗಿಯಲ್ಲಿ ಕೂಡ ಮೊಲೆ ಹುಡುಕುತ್ತದೆ. ಪ್ರತಿ ಸಲವೂ ಅದರ ತಲೆ ಹಿಡಿದು ಕೆಚ್ಚಲಿಗೆ ಒತ್ತಿದರೆ ಅದು ಹಿಂದಕ್ಕೆ ಜಗ್ಗುವುದನ್ನೇ ಕಲಿಯುತ್ತದೆ, ಹಿಂದಿನಿಂದ ಮೆಲ್ಲನೆ ದಾರಿ ತೋರಿಸಿದರೆ ಸಾಕು. ಚೊಚ್ಚಲ ಕುದುರೆ ಕಚಗುಳಿಯಾಗಿ ಒದೆಯುವುದಾದರೆ ಒಬ್ಬರು ಅದರ ಒಂದು ಮುಂಗಾಲನ್ನು ಎತ್ತಿ ಹಿಡಿದು ನಿಂತು ಮರಿಗೆ ಕುಡಿಯಲು ಅವಕಾಶ ಮಾಡಿಕೊಡಬೇಕು.

ಗಿಣ್ಣು ಹಾಲು

ಮಾಸು ಬಿದ್ದ ಮೇಲೆಯೇ ಗಿಣ್ಣು ಕುಡಿಸಬೇಕು, ಮೊದಲೇ ಕುಡಿಸಿದರೆ ಮಾಸು ಒಳಗೇ ಉಳಿಯುತ್ತದೆ ಎಂಬ ನಂಬಿಕೆ ನಮ್ಮ ಕೊಟ್ಟಿಗೆಗಳಲ್ಲಿ ಇನ್ನೂ ಜೀವಂತವಾಗಿದೆ. ಸತ್ಯ ಇದಕ್ಕೆ ತೀರ ವಿರುದ್ಧವಾದದ್ದು: ಮರಿ ಮೊಲೆ ಎಳೆದಾಗ ತಾಯಿಯ ಮೈಯಲ್ಲಿ ಬಿಡುಗಡೆಯಾಗುವ ಆಕ್ಸಿಟೋಸಿನ್ ಎಂಬ ಹಾರ್ಮೋನು ಗರ್ಭಕೋಶವನ್ನು ಹಿಂಡಿ ಮಾಸನ್ನು ಹೊರಹಾಕಲು ನೆರವಾಗುತ್ತದೆ. ಕುದುರೆಯ ಮಾಸಿನ ರಚನೆ ಎಂಥದೆಂದರೆ, ತಾಯಿಯ ರೋಗನಿರೋಧಕ ಪ್ರೋಟೀನುಗಳು (ಪ್ರತಿಕಾಯಗಳು) ಅದನ್ನು ದಾಟಿ ಮರಿಯ ರಕ್ತಕ್ಕೆ ಬರುವುದೇ ಇಲ್ಲ. ಮರಿ ಆ ದೃಷ್ಟಿಯಿಂದ ಬರಿಗೈಯಲ್ಲಿ ಹುಟ್ಟುತ್ತದೆ. ಅದಕ್ಕೆ ಬೇಕಾದದ್ದೆಲ್ಲ ಗಿಣ್ಣಿನಿಂದಲೇ ಸಿಗಬೇಕು. ಆ ಪ್ರೋಟೀನುಗಳನ್ನು ಹಾಗೆಯೇ ಹೀರಿಕೊಳ್ಳುವ ಶಕ್ತಿ ಮರಿಯ ಕರುಳಿಗೆ ಮೊದಲ ಆರೆಂಟು ತಾಸು ಚೆನ್ನಾಗಿದ್ದು, ಒಂದು ದಿನದ ಹೊತ್ತಿಗೆ ಮುಚ್ಚಿಹೋಗುತ್ತದೆ. ಮರುದಿನ ಮಧ್ಯಾಹ್ನ ಕುಡಿಸಿದ ಗಿಣ್ಣು ಆಹಾರವಾಗಬಹುದೇ ಹೊರತು ರಕ್ಷಣೆಯಾಗಲಾರದು.

45ರಿಂದ 50 ಕಿಲೋ ತೂಗುವ ಮರಿಗೆ ಒಟ್ಟು ಒಂದರಿಂದ ಎರಡು ಲೀಟರ್ ಗಿಣ್ಣು ಬೇಕು; ಗಿಡ್ಡ ತಳಿಯ ಮರಿ ತಾಯಿಯ ತೂಕದ ಹತ್ತನೇ ಒಂದರಷ್ಟೇ ಇರುವುದರಿಂದ ಅದಕ್ಕೆ ಇದರ ಅರ್ಧ ಸಾಕಾದೀತು. ಎರಡು ತಾಸಾದರೂ ಮರಿ ಮೊಲೆ ಹಿಡಿಯದಿದ್ದರೆ ತಾಯಿಯ ಹಾಲನ್ನು ಹಿಂಡಿ ಬಾಟಲಿಯಲ್ಲಿ ಕೊಡಬಹುದು, ಆದರೆ ಚೀಪುವ ಶಕ್ತಿಯಿರುವ ಮರಿಗೆ ಮಾತ್ರ. ಅದು ನಿಂತಿರಬೇಕು ಅಥವಾ ಎದೆಯ ಮೇಲೆ ಒರಗಿರಬೇಕು, ತಲೆಯನ್ನು ಆಕಾಶಕ್ಕೆ ಎತ್ತಬಾರದು. ಚೀಪಲಾರದ ಮರಿಯ ಬಾಯಿಗೆ ಗೊಟ್ಟದಿಂದ ಹಾಲು ಹೊಯ್ದರೆ ಅದು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಅಂಥ ಮರಿಗೆ ವೈದ್ಯರೇ ಮೂಗಿನ ಮೂಲಕ ನಳಿಗೆ ಹಾಕಿ ಕುಡಿಸಬೇಕು. ಗಿಣ್ಣು ಸಾಕಷ್ಟು ಸಿಕ್ಕಿದೆಯೇ ಎಂಬುದನ್ನು ಮೊದಲ ದಿನ ಮುಗಿಯುವ ಹೊತ್ತಿಗೆ ರಕ್ತಪರೀಕ್ಷೆಯಿಂದ ತಿಳಿಯಬಹುದು: ಡೆಸಿಲೀಟರಿಗೆ 800 ಮಿಲಿಗ್ರಾಂಗಿಂತ ಹೆಚ್ಚು ಪ್ರತಿಕಾಯ ಇದ್ದರೆ ಚೆನ್ನಾಗಿದೆ, 400ಕ್ಕಿಂತ ಕಡಿಮೆಯಾದರೆ ಪ್ಲಾಸ್ಮಾ (ರಕ್ತದ ತಿಳಿಭಾಗ) ಕೊಡಿಸುವುದೊಂದೇ ದಾರಿ.

ಮಾಸು

ಹೊರಗೆ ಜೋತುಬಿದ್ದ ಮಾಸನ್ನು ತಾಯಿ ತುಳಿಯದಂತೆ ಮೇಲಕ್ಕೆ ಗಂಟು ಹಾಕಿಡಿರಿ. ಕೈಯಿಂದ ಎಳೆಯುವುದು, ಕಲ್ಲು ಕಟ್ಟಿ ತೂಕ ಹಾಕುವುದು ಎರಡೂ ಅಪಾಯ. ಗರ್ಭಕೋಶವೇ ಮಗುಚಿ ಹೊರಬರಬಹುದು, ಅಥವಾ ತುಂಡೊಂದು ಒಳಗೇ ಹರಿದು ಉಳಿಯಬಹುದು. ಆಕಳಿನ ಗರ್ಭಕೋಶದಲ್ಲಿ ಮಾಸು ಕೊಳೆತು ದಿನಗಳ ಮೇಲೆ ಉದುರಿದರೂ ಆಕಳು ಬದುಕಿಕೊಳ್ಳುವುದುಂಟು. ಕುದುರೆಯಲ್ಲಿ ಅಂಗೈಯಗಲದ ತುಂಡು ಉಳಿದರೂ ಅದರ ವಿಷ ರಕ್ತಕ್ಕೆ ಸೇರಿ ಜ್ವರ ಬರುತ್ತದೆ, ಮುಂದೆ ಗೊರಸಿನೊಳಗಿನ ಪದರ ಉರಿತಗೊಂಡು ಕುದುರೆ ನಿಲ್ಲಲಾಗದೆ ಶಾಶ್ವತವಾಗಿ ಕುಂಟಾಗಬಹುದು. ಮೂರು ತಾಸಾದರೆ ಫೋನ್ ಮಾಡಬೇಕು. ಆರೆಂಟು ತಾಸು ದಾಟಲು ಬಿಡಲೇಬಾರದು.

ಬಿದ್ದ ಮಾಸನ್ನು ತಿಪ್ಪೆಗೆ ಎಸೆಯುವ ಮುಂಚೆ ಗೋಣಿಚೀಲದ ಮೇಲೆ ಹರಡಿ ನೋಡುವುದು ಅಗತ್ಯ. ಎರಡು ಕೊಂಬುಗಳು, ಒಂದು ನಡುಭಾಗ, ಮರಿ ಹೊರಬಂದ ಒಂದೇ ಹರಕು, ಇಷ್ಟು ಇರಬೇಕು. ಮರಿಯಿಲ್ಲದಿದ್ದ ಸಣ್ಣ ಕೊಂಬಿನ ತುದಿಯೇ ಹೆಚ್ಚಾಗಿ ಹರಿದು ಒಳಗೆ ಉಳಿಯುವ ಭಾಗ, ಅದನ್ನು ಬೆರಳಿನಿಂದ ಬಿಡಿಸಿ ನೋಡಿರಿ. ಸಂಶಯವಿದ್ದರೆ ಬಕೆಟ್‌ನಲ್ಲಿ ಸ್ವಲ್ಪ ನೀರು ಹಾಕಿ, ನಾಯಿಗೆ ಸಿಗದಂತೆ ಮುಚ್ಚಿಟ್ಟು ವೈದ್ಯರಿಗೆ ತೋರಿಸಬೇಕು. ಮರಿ ಹಾಕಿದ ತಾಯಿ ಮತ್ತೆ ಬೆವರುತ್ತ, ಹೊಟ್ಟೆ ನೋಡಿಕೊಳ್ಳುತ್ತ, ವಸಡು ಬಿಳಿಚಿಕೊಂಡು ನಿಂತರೆ ಒಳಗೆ ರಕ್ತಸ್ರಾವವಾಗುತ್ತಿರಬಹುದು. ಅದನ್ನು ನಡೆಸದೆ, ಗದ್ದಲ ಮಾಡದೆ, ಕತ್ತಲಲ್ಲಿ ಶಾಂತವಾಗಿ ನಿಲ್ಲಿಸಿ ವೈದ್ಯರನ್ನು ಕರೆಸಿರಿ.

ಮೊದಲ ಎರಡು ವಾರ

ಮರಿಯ ಮೊದಲ ಲದ್ದಿ ಕಪ್ಪಗೆ, ಗಟ್ಟಿಯಾಗಿ ಇರುತ್ತದೆ. ಹನ್ನೆರಡು ತಾಸಿನೊಳಗೆ ಅದು ಹೊರಬಿದ್ದು, ಆಮೇಲೆ ಹಾಲಿನ ಹಳದಿ ಲದ್ದಿ ಶುರುವಾಗಬೇಕು. ಬಾಲವೆತ್ತಿ, ಬೆನ್ನು ಕಮಾನಾಗಿಸಿ ಮರಿ ಮತ್ತೆ ಮತ್ತೆ ತಿಣುಕುತ್ತಿದ್ದರೆ ಎನಿಮಾ ಬೇಕಾಗುತ್ತದೆ. ಗಂಡು ಮರಿಗಳಲ್ಲಿ ಈ ತೊಂದರೆ ಹೆಚ್ಚು. ದೇಹದ ಉಷ್ಣತೆ 37.2ರಿಂದ 38.9 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು.

ಆರೋಗ್ಯವಂತ ಮರಿ ಮೊದಲ ದಿನಗಳಲ್ಲಿ ತಾಸಿಗೆ ಐದಾರು ಸಲ ಕುಡಿಯುತ್ತದೆ, ಉಳಿದ ಹೊತ್ತು ಮಲಗುತ್ತದೆ. ಕಾಯಿಲೆಯ ಮೊದಲ ಸುಳಿವು ಜ್ವರವಲ್ಲ, ತಾಯಿಯ ಕೆಚ್ಚಲು. ಬೆಳಿಗ್ಗೆ ಕೆಚ್ಚಲು ಬಿಗಿದು, ಹಾಲು ತಾನೇ ತೊಟ್ಟಿಕ್ಕುತ್ತಿದ್ದು, ಕೆಳಗೆ ನಿಂತ ಮರಿಯ ಹಣೆಯ ಮೇಲೆ ಒಣಗಿದ ಹಾಲಿನ ಗೆರೆಗಳಿದ್ದರೆ, ಅದು ಮೊಲೆಯ ಹತ್ತಿರ ನಿಲ್ಲುತ್ತಿದೆ, ಕುಡಿಯುತ್ತಿಲ್ಲ. ದೂರದಿಂದ ನೋಡಿದವರಿಗೆ ಎಲ್ಲ ಸರಿಯಾಗಿದೆಯೆಂದೇ ಅನಿಸುತ್ತದೆ. ಎಳೆಯ ಮರಿಯ ಸ್ಥಿತಿ ಬೆಳಗಿನಿಂದ ಸಂಜೆಯೊಳಗೆ ಕೈ ಮೀರುತ್ತದೆಯಾದ್ದರಿಂದ ಆ ಹಣೆಯನ್ನು ನೋಡಿದ ತಾಸಿನಲ್ಲೇ ವೈದ್ಯರಿಗೆ ಹೇಳಿಕಳಿಸಬೇಕು.

ಮರಿ ಕುಂಟಿದರೆ ತಾಯಿ ತುಳಿದಿರಬೇಕೆಂದು ಸುಮ್ಮನಾಗಬೇಡಿರಿ. ಹೊಕ್ಕುಳಿನಿಂದ ಒಳಹೊಕ್ಕ ಸೋಂಕು ಕೀಲಿನಲ್ಲಿ ಕೀವು ಕಟ್ಟಿದಾಗಲೂ ಮರಿ ಹೀಗೆಯೇ ಕುಂಟುತ್ತದೆ. ಕೀಲು ಬೆಚ್ಚಗಿದ್ದು ಊದಿದ್ದರೆ ಅದೇ ದಿನ ಚಿಕಿತ್ಸೆ ಶುರುವಾಗಬೇಕು, ಇಲ್ಲವಾದರೆ ಕೀಲು ಉಳಿಯುವುದಿಲ್ಲ. ಆರರಿಂದ ಹದಿನಾಲ್ಕನೆಯ ದಿನದ ನಡುವೆ ಬರುವ ತೆಳು ಭೇದಿ ಮಾತ್ರ ಬಹಳಷ್ಟು ಮರಿಗಳಲ್ಲಿ ಸಹಜ. ಮರಿ ಚುರುಕಾಗಿ ಕುಡಿಯುತ್ತಿದ್ದರೆ ಹಿಂಭಾಗವನ್ನು ತೊಳೆದು ಎಣ್ಣೆ ಸವರಿದರೆ ಸಾಕು. ಮಂಕಾದರೆ, ಭೇದಿ ನೀರಿನಂತಾದರೆ ಕಾಯಬಾರದು.

ತಾಯಿ ಸತ್ತ ಮರಿಗೆ ಕುರಿಗಾರರ ಹಟ್ಟಿಯಲ್ಲಿ ಆಡಿನ ಹಾಲು ಸುಲಭವಾಗಿ ಸಿಗುತ್ತದೆ, ಮರಿಗಳು ಅದನ್ನು ಇಷ್ಟಪಟ್ಟು ಕುಡಿಯುತ್ತವೆ ಕೂಡ. ಆಕಳ ಹಾಲಾದರೆ ಕೆನೆ ತೆಗೆದು, ಲೀಟರಿಗೆ 20 ಗ್ರಾಂ ಗ್ಲೂಕೋಸ್ ಪುಡಿ ಬೆರೆಸಿರಿ. ಕುದುರೆಯ ಹಾಲು ಆಕಳ ಹಾಲಿಗಿಂತ ತೆಳು ಮತ್ತು ಸಿಹಿ. ಅಡುಗೆಮನೆಯ ಸಕ್ಕರೆ, ಬೆಲ್ಲ ಹಾಕಬಾರದು, ಎಳೆಯ ಮರಿಯ ಕರುಳು ಅದನ್ನು ಜೀರ್ಣಿಸಲಾರದೆ ಭೇದಿಗೆ ತಿರುಗುತ್ತದೆ. ಮೊದಲ ವಾರ ಹಗಲೂ ರಾತ್ರಿ ಒಂದೆರಡು ತಾಸಿಗೊಮ್ಮೆ ಸ್ವಲ್ಪ ಸ್ವಲ್ಪವೇ ಕುಡಿಸಬೇಕಾದ ಈ ಕೆಲಸವನ್ನು ಮನೆಯವರು ಪಾಳಿ ಹಾಕಿಕೊಳ್ಳದೆ ಒಬ್ಬರೇ ನಿಭಾಯಿಸಲಾರರು.

ಮತ್ತೆ ಯಾವಾಗ ಕೂಡಿಸಬೇಕು?

ಮರಿ ಹಾಕಿದ ಏಳರಿಂದ ಹತ್ತನೆಯ ದಿನಕ್ಕೆ ತಾಯಿ ಮತ್ತೆ ಬೆದೆಗೆ ಬರುತ್ತದೆ. ಆಕಳಿನಲ್ಲಿ ಇಷ್ಟು ಬೇಗ ಬೆದೆ ಬರುವುದಿಲ್ಲವಾದ್ದರಿಂದ ಇದನ್ನು ಕಾಯಿಲೆಯೆಂದು ತಿಳಿಯುವವರೂ ಇದ್ದಾರೆ. ಹನ್ನೊಂದು ತಿಂಗಳ ಗಬ್ಬ ಹೊರುವ ಪ್ರಾಣಿಯಿಂದ ವರ್ಷಕ್ಕೊಂದು ಮರಿ ಬೇಕೆಂದರೆ ಹೆರಿಗೆಯ ನಂತರ ಉಳಿಯುವುದು ಹೆಚ್ಚೆಂದರೆ ಒಂದು ತಿಂಗಳು. ಹಾಗಾಗಿಯೇ ಕುದುರೆ ವ್ಯಾಪಾರಿಗಳು ಈ ಬೆದೆಯನ್ನು ಬಿಡುವುದಿಲ್ಲ. ಹೆರಿಗೆ ಸುಗಮವಾಗಿ ಆಗಿದ್ದು, ಮಾಸು ಮೂರು ತಾಸಿನೊಳಗೆ ಪೂರ್ತಿ ಬಿದ್ದು, ಕೆಟ್ಟ ವಾಸನೆಯ ಸ್ರಾವವಿಲ್ಲದಿದ್ದರೆ ಕೂಡಿಸಬಹುದು. ಎಳೆದು ತೆಗೆದ ಹೆರಿಗೆಯಾಗಿದ್ದರೆ, ಮಾಸು ತಡವಾಗಿದ್ದರೆ, ತಾಯಿಯ ಪಕ್ಕೆಲುಬು ಎದ್ದು ಕಾಣುತ್ತಿದ್ದರೆ ಈ ಬೆದೆಯನ್ನು ಬಿಟ್ಟು ಮೂರು ವಾರದ ನಂತರದ ಬೆದೆಯಲ್ಲಿ, ಅದೂ ವೈದ್ಯರಿಂದ ಗರ್ಭಕೋಶ ನೋಡಿಸಿಕೊಂಡ ಮೇಲೆ, ಗಂಡಿನ ಬಳಿ ಒಯ್ಯಿರಿ. ಒಯ್ಯುವಾಗ ಎಳೆಯ ಮರಿಯನ್ನು ಮನೆಯಲ್ಲಿ ಕಟ್ಟಿಹಾಕಿ ಬರುವುದು ಬೇಡ. ತಾಯಿ ಗಂಡಿನ ಕಡೆ ಲಕ್ಷ್ಯವಿಲ್ಲದೆ ಕೆನೆಯುತ್ತ ಒದ್ದಾಡುತ್ತದೆ. ಮರಿಯನ್ನು ಜೊತೆಗೇ ಕರೆದೊಯ್ದು, ಗಂಡಿನ ಕಾಲಿಗೆ ಸಿಗದಷ್ಟು ದೂರದಲ್ಲಿ, ತಾಯಿಯ ಕಣ್ಣಿಗೆ ಕಾಣುವಂತೆ ಒಬ್ಬರು ಹಿಡಿದು ನಿಲ್ಲಬೇಕು.